ಎರಡು ಬೀಗದ ಬೀರು

ಮಾರ್ಫಿನ್ ಮಾತ್ರೆ ನುಂಗಿದ ಮೇಲೆ ನೋವು ಇಳಿಯಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಇಳಿದ ನೋವು ಮತ್ತೆ ಏಳಲು ಸುಮಾರು 4 ಗಂಟೆ. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಿಂದ ಹೊರಟ ರೋಗಿಯನ್ನು ನೆನೆಸಿಕೊಳ್ಳಿ. ಗುಬ್ಬಿಗೆ ಬಂದು, ಅಲ್ಲಿಂದ 20 ಕಿಲೋಮೀಟರ್ ದೂರದ ತುಮಕೂರಿಗೆ ಬಸ್ಸು ಹಿಡಿದು, ಮತ್ತೆ 70 ಕಿಲೋಮೀಟರ್ ಸಾಗಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೆಳಿಗ್ಗೆ ನುಂಗಿದ ಮಾತ್ರೆಯ ಗುಣ ಮುಗಿದುಹೋಗಿರುತ್ತದೆ. ಕುಣಿಗಲ್ ಕಡೆಯವರಿಗೆ ಹೆದ್ದಾರಿ ನೇರವಾಗಿದೆ, ನಿಜ. ಆದರೆ ಹುಲಿಯೂರುದುರ್ಗದ ಸುತ್ತಲಿನ ಊರುಗಳವರು ಮೊದಲು ಆ ಹೆದ್ದಾರಿಗೆ ಬಂದು ಸೇರಬೇಕು. ಕ್ಯಾನ್ಸರ್ ಮೂಳೆಗೆ ಇಳಿದವರಿಗೆ ಬಸ್ಸಿನ ಒಂದೊಂದು ಕುಲುಕಾಟವೂ ಯಾತನೆ.

ಹಾಗಾಗಿ ಈ ಔಷಧ ಮನೆಗೆ ಹತ್ತಿರದ ಆಸ್ಪತ್ರೆಯಲ್ಲೇ ಸಿಗಬೇಕು. ಸಿಗಬೇಕೆಂದರೆ ಅದು ಅಲ್ಲಿ ಕಳವಾಗದಂತೆ, ತಪ್ಪು ಕೈ ಸೇರದಂತೆ, ತಪ್ಪು ಪ್ರಮಾಣದಲ್ಲಿ ಯಾರ ಮೈಗೂ ಹೋಗದಂತೆ ನೋಡಿಕೊಳ್ಳುವ ಏರ್ಪಾಡು ಇರಬೇಕು. ಒಂದು ಬೀರು, ಅದಕ್ಕೆರಡು ಬೀಗ, ಪುಟಗಳಿಗೆ ಅಂಕಿ ಹಾಕಿದ ಒಂದು ರಿಜಿಸ್ಟರು, ಪಾಳಿ ಬದಲಾಗುವಾಗ ಇಬ್ಬರು ನರ್ಸ್‌ಗಳ ಸಹಿ: ನೋಡಲು ಇಷ್ಟೇ. ಈ ಇಷ್ಟರ ಹಿಂದೆ ದೊಡ್ಡ ಕಥೆಯಿದೆ.

ಗಸಗಸೆ ಪಾಯಸ ಉಂಡು ಬೆಳೆದ ನಮ್ಮ ಸೀಮೆಯವರಿಗೆ ಮಾರ್ಫಿನ್ ಕೊಡುವ ಗಸಗಸೆ ಗಿಡದ ಗುರುತು ಅರ್ಧ ಮಾತ್ರ ಉಂಟು. ಪಾಯಸಕ್ಕೆ ಹಾಕುವುದು ಬೀಜ. ಬೀಜ ಬಲಿಯುವ ಮುಂಚೆ, ಹಸಿರು ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧ ತಯಾರಕ ಫ್ರೆಡ್ರಿಕ್ ಸೆರ್ಟ್ಯೂರ್ನರ್ ಅದರಿಂದ ನೋವು ಕಳೆಯುವ ಸಾರವನ್ನು ಬೇರ್ಪಡಿಸಿ, ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕೆ ಕೊಟ್ಟ. ಅದು ದೇಹದಲ್ಲಿ ಎಲ್ಲಿ ಕೂತು ಕೆಲಸ ಮಾಡುತ್ತದೆ ಎಂಬುದು ಗೊತ್ತಾಗಲು 1973ರವರೆಗೆ ಕಾಯಬೇಕಾಯಿತು. ಮಿದುಳು ಮತ್ತು ಬೆನ್ನುಹುರಿಯ ನರಕೋಶಗಳ ಮೇಲೆ ಮಾರ್ಫಿನ್ ಹಿಡಿದುಕೊಳ್ಳುವ ಗ್ರಾಹಕಗಳಿವೆ. ಅಲ್ಲಿ ಅದು ಕೂತಾಗ ನೋವಿನ ಸಂದೇಶ ಮೇಲಕ್ಕೆ ಹೋಗುವುದು ತಗ್ಗುತ್ತದೆ. ಉಸಿರಾಟವನ್ನು ನಡೆಸುವ ಮಿದುಳಿನ ಬುಡದಲ್ಲೂ ಇಂಥವೇ ಗ್ರಾಹಕಗಳಿವೆ. ಸುಖದ ಅನುಭವ ಹುಟ್ಟಿಸುವ ಜಾಗದಲ್ಲೂ ಇವೆ. ನೋವು ಇಳಿಸುವ ಗುಣ, ಉಸಿರು ನಿಲ್ಲಿಸಬಲ್ಲ ಶಕ್ತಿ, ಚಟ ಹತ್ತಿಸುವ ಸೆಳೆತ ಮೂರೂ ಒಂದೇ ಸಾರದಲ್ಲಿ ಸೇರಿಕೊಂಡಿರುವುದರಿಂದಲೇ ಬೀರುವಿಗೆ ಎರಡು ಬೀಗ.

ತುಮಕೂರು ಸೀಮೆಯಲ್ಲಿ ಈ ಔಷಧದ ಅಗತ್ಯ ದೊಡ್ಡದು. ತೆಂಗು, ಅಡಿಕೆ ಇಲ್ಲಿನ ರೈತರ ಬದುಕು. ಎಲೆಅಡಿಕೆ ಮದುವೆ ಮನೆಯಿಂದ ಸಂತೆಯವರೆಗೆ ಎಲ್ಲೆಲ್ಲೂ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು, ತಂಬಾಕು ಬೆರೆಸದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬಾಯಿ ಕ್ಯಾನ್ಸರ್ ದವಡೆಗೆ, ಮುಖದ ನರಗಳಿಗೆ ಹಬ್ಬಿದಾಗಿನ ನೋವಿಗೆ ಪ್ಯಾರಾಸಿಟಮಾಲ್ ಯಾವ ಮೂಲೆಗೂ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಇಂಥ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಏರಿಸುವ ಕ್ರಮವನ್ನು ಹೇಳಿಕೊಟ್ಟಿತು. ಮೇಲಿನ ಮೆಟ್ಟಿಲಲ್ಲಿರುವುದು ಮಾರ್ಫಿನ್. ಬಾಯಿಯ ಮೂಲಕ, ಗಡಿಯಾರ ನೋಡಿ, ನೋವು ಮರಳುವ ಮುನ್ನವೇ ಕೊಡಬೇಕು ಎಂಬುದು ಅದರ ಸೂತ್ರ.

ನಮ್ಮ ದೇಶ ಅದಕ್ಕೆ ಸರಿಯಾಗಿ ಒಂದು ವರ್ಷ ಮುಂಚೆ ಬಾಗಿಲು ಹಾಕಿಕೊಂಡಿತ್ತು.

1985ರ ನವೆಂಬರ್‌ನಲ್ಲಿ ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆ, ಕಳ್ಳಸಾಗಣೆದಾರರನ್ನು ಹಿಡಿಯಲು ಬಂದದ್ದು. ಆಗ ಶಿಕ್ಷೆ ಕಠಿಣವಾಗಿತ್ತು, ಹೆಚ್ಚಿನ ಅಪರಾಧಗಳಿಗೆ ಕನಿಷ್ಠ 10 ವರ್ಷ ಜೈಲು. ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ತಮ್ಮ ಗತಿಯೇನು ಎಂಬ ಅಂಜಿಕೆ ಆಸ್ಪತ್ರೆಗಳನ್ನೂ ಔಷಧ ಅಂಗಡಿಗಳನ್ನೂ ಹಿಡಿಯಿತು. ಇಟ್ಟುಕೊಳ್ಳಲು ಒಂದು ಲೈಸೆನ್ಸ್, ಸಾಗಿಸಲು ಇನ್ನೊಂದು, ಬೇರೆ ರಾಜ್ಯದಿಂದ ತರಿಸಲು ಮತ್ತೊಂದು, ಕಳಿಸುವ ರಾಜ್ಯದಿಂದ ಮಗದೊಂದು. ಎಲ್ಲವೂ ಒಂದೇ ಕಾಲದಲ್ಲಿ ಚಾಲ್ತಿಯಲ್ಲಿರಬೇಕು. ನಾಲ್ಕನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. 1985ರಿಂದ 1997ರ ನಡುವೆ ದೇಶದಲ್ಲಿ ಮಾರ್ಫಿನ್‌ನ ವೈದ್ಯಕೀಯ ಬಳಕೆ ಶೇಕಡ 97ರಷ್ಟು ಕುಸಿಯಿತು. ಇದೇ ಅವಧಿಯಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ರೈತರು ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುತ್ತಿದ್ದರು, ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಿಂದ ಅದು ಹೊರದೇಶಗಳ ಔಷಧ ಕಂಪನಿಗಳಿಗೆ ಹೋಗುತ್ತಿತ್ತು. ಗಿಡ ನಮ್ಮದು, ನೆಲ ನಮ್ಮದು, ಮದ್ದು ಮಾತ್ರ ನಮ್ಮವರಿಗಿಲ್ಲ. ಒಂದು ಪೀಳಿಗೆಯ ವೈದ್ಯರು ಮಾರ್ಫಿನ್ ಮಾತ್ರೆಯನ್ನು ಕಣ್ಣಿಂದ ನೋಡದೆಯೇ ಎಂಬಿಬಿಎಸ್ ಮುಗಿಸಿದರು. ಆ ನಷ್ಟವನ್ನು ಯಾವ ತಿದ್ದುಪಡಿಯೂ ಒಂದೇ ದಿನದಲ್ಲಿ ತುಂಬಿಕೊಡಲಾರದು.

ತಿದ್ದುಪಡಿ ಬಂದದ್ದು 2014ರಲ್ಲಿ. ಕೇರಳದ ಕೋಯಿಕ್ಕೋಡ್‌ನಲ್ಲಿ ಉಪಶಾಮಕ ಆರೈಕೆಗೆ, ಅಂದರೆ ರೋಗಿಯ ನೋವು ತಗ್ಗಿಸುವ ಆರೈಕೆಗೆ, ತಳಪಾಯ ಹಾಕಿದವರಲ್ಲಿ ಒಬ್ಬರಾದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಇದರ ಬೆನ್ನು ಹತ್ತಿದ್ದರು. ಕಾಯ್ದೆಯಲ್ಲಿ 'ಅತ್ಯಗತ್ಯ ಮಾದಕ ಔಷಧ' ಎಂಬ ಹೊಸ ವರ್ಗ ಸೇರಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್, ಕೊಡೀನ್ ಈ ಆರು ಅದರಡಿ ಬಂದವು. ಲೈಸೆನ್ಸುಗಳ ಸರಮಾಲೆ ಹೋಗಿ, ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ನೇರವಾಗಿ ಔಷಧ ತರಿಸಿಕೊಳ್ಳಬಹುದು ಎಂದಾಯಿತು. ಮಾದಕ ವಸ್ತುಗಳ ವೈದ್ಯಕೀಯ ಬಳಕೆಗೆ ಅನುವು ಮಾಡಿಕೊಡುವುದೂ ಸರ್ಕಾರದ ಹೊಣೆ ಎಂದು ಕಾಯ್ದೆಯಲ್ಲೇ ಬರೆದದ್ದು, ಬಹುಶಃ, ಎಲ್ಲಕ್ಕಿಂತ ದೊಡ್ಡ ಮಾತು.

ಮಾನ್ಯತೆ ಕೇಳುವುದು ದುಬಾರಿ ಯಂತ್ರಗಳನ್ನಲ್ಲ. ನೋವು ನಿವಾರಣೆಯಲ್ಲಿ ತರಬೇತಿ ಪಡೆದ ವೈದ್ಯರೊಬ್ಬರು ಇರಬೇಕು, ದಾಸ್ತಾನು ಭದ್ರವಾಗಿರಬೇಕು, ಬಂದದ್ದು ಹೋದದ್ದರ ಲೆಕ್ಕವನ್ನು 2 ವರ್ಷ ಕಾಪಾಡಬೇಕು, ಹೊಣೆ ಯಾರದೆಂದು ಹೆಸರಿಸಬೇಕು. ತುಮಕೂರಿನ ಜಿಲ್ಲಾಸ್ಪತ್ರೆಗೆ, ಅಗಳಕೋಟೆಯ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನಂಥ ದೊಡ್ಡ ಸಂಸ್ಥೆಗೆ ಇದು ಭಾರವಲ್ಲ. ಗುಬ್ಬಿ, ಕುಣಿಗಲ್‌ನಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಷ್ಟವಿರುವುದು ಜನಬಲದಲ್ಲಿ. ತರಬೇತಿಯಾದ ವೈದ್ಯರಿಗೆ ವರ್ಗವಾದರೆ ಬೀರು ಉಳಿಯುತ್ತದೆ, ಬರೆಯುವ ಕೈ ಉಳಿಯುವುದಿಲ್ಲ. ಪ್ರತಿ ತಾಲ್ಲೂಕಿನಲ್ಲೂ ಕನಿಷ್ಠ ಇಬ್ಬರಿಗೆ ತರಬೇತಿ ಕೊಟ್ಟರೆ ಈ ತೊಡಕು ಅರ್ಧ ಬಗೆಹರಿಯುತ್ತದೆ.

ಈಗ ಬೀರುವಿನ ಹತ್ತಿರ ಹೋಗೋಣ.

ಸರ್ಕಾರಿ ಆಸ್ಪತ್ರೆಯ ವಾರ್ಡು, ರಾತ್ರಿ 8 ಗಂಟೆ. ಮಧ್ಯಾಹ್ನದ ಪಾಳಿ ಮುಗಿಸುವ ಸಿಸ್ಟರ್, ರಾತ್ರಿ ಪಾಳಿಗೆ ಬಂದ ಸಿಸ್ಟರ್ ಇಬ್ಬರೂ ಬೀರುವಿನ ಮುಂದೆ ನಿಲ್ಲುತ್ತಾರೆ. ಹೊರಬಾಗಿಲಿಗೆ ಒಂದು ಬೀಗ, ಒಳಗಿನ ಪುಟ್ಟ ಖಾನೆಗೆ ಇನ್ನೊಂದು. ಆಂಪೂಲ್‌ಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ಎಣಿಸುತ್ತಾರೆ. ಎಣಿಕೆಗಿಂತಲೂ ನೋಟ ಮುಖ್ಯ: ಗಾಜಿನ ಕತ್ತು ಬಿರುಕು ಬಿಟ್ಟಿದೆಯೇ, ತುದಿಗೆ ಅಂಟು ಹಚ್ಚಿದ ಗುರುತಿದೆಯೇ, ದ್ರವದ ಮಟ್ಟ ಉಳಿದವುಗಳಂತೆಯೇ ಇದೆಯೇ, ಅವಧಿ ಮುಗಿಯುವ ತಿಂಗಳು ಯಾವುದು. ರಿಜಿಸ್ಟರಿನಲ್ಲಿ ದಿನಾಂಕ, ಹೊತ್ತು, ರೋಗಿಯ ಹೆಸರು, ಒಳರೋಗಿ ಸಂಖ್ಯೆ, ಬರೆದ ವೈದ್ಯರು, ಕೊಟ್ಟ ಪ್ರಮಾಣ, ಚೆಲ್ಲಿದ ಪ್ರಮಾಣ, ಉಳಿಕೆ, ಎರಡು ಸಹಿ. ತಪ್ಪು ಬರೆದರೆ ಬಿಳಿ ಹಚ್ಚುವಂತಿಲ್ಲ. ಒಂದೇ ಗೀಟು ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಅಳಿಸಿದ ಅಂಕಿ ಏನಿತ್ತೆಂಬುದು ಮುಂದೊಂದು ದಿನ ಬೇಕಾಗಬಹುದು. ಹೊಸ ಆಂಪೂಲ್ ಬೇಕೆಂದರೆ ಫಾರ್ಮಸಿಗೆ ಇಂಡೆಂಟ್ ಜೊತೆ ಖಾಲಿ ಆಂಪೂಲ್‌ಗಳೂ ಹೋಗಬೇಕು.

ಹೆಚ್ಚು ಸೋರಿಕೆ ಆಗಬಲ್ಲ ಜಾಗ ಬೀರುವಲ್ಲ, ಒಡೆದ ಆಂಪೂಲ್. ಫೆಂಟನಿಲ್‌ನ ಚಿಕ್ಕ ಆಂಪೂಲ್‌ನಲ್ಲಿ 2 ಮಿಲಿ ಲೀಟರ್ ದ್ರವ, ಅದರಲ್ಲಿ 100 ಮೈಕ್ರೋಗ್ರಾಂ ಔಷಧ. ಮಾರ್ಫಿನ್‌ಗಿಂತ ಇದು 50ರಿಂದ 100 ಪಟ್ಟು ತೀಕ್ಷ್ಣ. ಓ.ಟಿ.ಯಲ್ಲಿ ರೋಗಿಗೆ 60 ಸಾಕಾಯಿತು ಅನ್ನೋಣ. ಉಳಿದ 40 ಸಿರಿಂಜಿನಲ್ಲೇ ಇದೆ, 0.8 ಮಿಲಿ ಲೀಟರ್. ಅದು ಎಲ್ಲಿ ಹೋಯಿತು? ಚೆಲ್ಲಿದೆ ಎಂದು ಬರೆದರೆ ಸಾಲದು. ಚೆಲ್ಲುವುದನ್ನು ಇನ್ನೊಬ್ಬರು ಕಣ್ಣಾರೆ ಕಂಡು ಸಹಿ ಹಾಕಬೇಕು. 60ಕ್ಕೆ 40 ಕೂಡಿಸಿದರೆ 100 ಬರಬೇಕು. ಖಾಲಿ ಗಾಜು ಲೆಕ್ಕ ಒಪ್ಪಿಸಿದ ಮೇಲೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ನೀಲಿ ಗುರುತಿನ ಡಬ್ಬಕ್ಕೆ ಹೋಗುತ್ತದೆ. ಅವಧಿ ಮೀರಿದ ಔಷಧ ಹಳದಿ ವರ್ಗಕ್ಕೆ ಸೇರಿದ್ದು. ಮಾದಕ ಔಷಧವಾದರೆ ಅದನ್ನು ಯಾರೂ ತಮ್ಮಷ್ಟಕ್ಕೆ ಎಸೆಯುವಂತಿಲ್ಲ.

ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಇರುವ ವಾರ್ಡಿನಲ್ಲಿ ಎರಡನೆಯ ಸಹಿ ಯಾರದು? ಡ್ಯೂಟಿ ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದರೆ? ಬೆಳಿಗ್ಗೆ ಬಂದವರು ಹಿಂದಿನ ರಾತ್ರಿಯ ಸಾಲಿಗೆ ಸಹಿ ಹಾಕಿಕೊಡುವ ಅಭ್ಯಾಸ ಹುಟ್ಟುವುದು ಇಂಥ ಬಿಕ್ಕಟ್ಟಿನಲ್ಲೇ. ಒಮ್ಮೆ ಅದು ಶುರುವಾದರೆ ರಿಜಿಸ್ಟರು ಕೇವಲ ಕಾಗದ. ಸಿಬ್ಬಂದಿ ಕೊರತೆಯನ್ನು ನೀಗಿಸದೆ ಬರೀ ನಿಯಮವನ್ನು ಬಿಗಿ ಮಾಡಿದರೆ ಸುಳ್ಳು ಸಹಿಗಳೇ ಹೆಚ್ಚುತ್ತವೆ.

ಕಾವಲು ಸಡಿಲಾದರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶಗಳಲ್ಲಿ ಎರಡು ದಾರುಣ ಉದಾಹರಣೆಗಳಿವೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಎಕ್ಸೆಟರ್ ಆಸ್ಪತ್ರೆಯಲ್ಲಿ 2012ರಲ್ಲಿ ಹೃದ್ರೋಗ ವಿಭಾಗಕ್ಕೆ ಬಂದುಹೋದವರಲ್ಲಿ ಒಬ್ಬೊಬ್ಬರಿಗೇ ಹೆಪಟೈಟಿಸ್ ಸಿ ಕಾಣಿಸಿಕೊಂಡಿತು. ಅಲ್ಲಿನ ತಂತ್ರಜ್ಞನೊಬ್ಬ ರೋಗಿಗಳಿಗೆಂದು ತುಂಬಿಟ್ಟ ಫೆಂಟನಿಲ್ ಸಿರಿಂಜು ಕದ್ದು ತಾನು ಚುಚ್ಚಿಕೊಂಡು, ಅದೇ ಸಿರಿಂಜಿಗೆ ಸಲೈನ್ ತುಂಬಿ ವಾಪಸ್ಸಿಡುತ್ತಿದ್ದ. ಅವನ ರಕ್ತದಲ್ಲಿದ್ದ ವೈರಸ್ ಬೇರೆ ಬೇರೆ ರಾಜ್ಯಗಳಲ್ಲಿ 40ಕ್ಕೂ ಹೆಚ್ಚು ಜನರಿಗೆ ಅಂಟಿತ್ತು. ನೋವಿನ ಮದ್ದು ಸಿಗದೆ ಹೋದದ್ದು ಒಂದು, ರೋಗ ಬಂದದ್ದು ಇನ್ನೊಂದು. 2013ರ ಡಿಸೆಂಬರ್‌ನಲ್ಲಿ ಅವನಿಗೆ 39 ವರ್ಷಗಳ ಶಿಕ್ಷೆಯಾಯಿತು. ತುಂಬಿದ ಸಿರಿಂಜನ್ನು ಮೇಜಿನ ಮೇಲೆ ಬಿಟ್ಟು ಹೋಗಬಾರದು ಎಂಬ ಸಣ್ಣ ನಿಯಮದ ಬೆಲೆ ಇಷ್ಟು.

ಇನ್ನೊಂದು, ಇಂಗ್ಲೆಂಡಿನ ಹೈಡ್ ಪಟ್ಟಣದ ಕುಟುಂಬ ವೈದ್ಯ ಹೆರಾಲ್ಡ್ ಶಿಪ್‌ಮನ್‌ನದು. 1976ರಲ್ಲೇ ಅವನು ಖೋಟಾ ಚೀಟಿ ಬರೆದು ಮಾರ್ಫಿನ್ ಜಾತಿಯದೇ ಆದ ಪೆಥಿಡಿನ್ ಪಡೆದದ್ದಕ್ಕೆ ದಂಡ ಕಟ್ಟಿದ್ದ. ಮತ್ತೆ ವೃತ್ತಿಗೆ ಮರಳಿದ. 2000ದ ಜನವರಿಯಲ್ಲಿ 15 ರೋಗಿಗಳನ್ನು ಅದೇ ಜಾತಿಯ ಡೈಮಾರ್ಫಿನ್ ಚುಚ್ಚಿ ಕೊಂದದ್ದು ನ್ಯಾಯಾಲಯದಲ್ಲಿ ಸಾಬೀತಾಯಿತು. ನಂತರದ ವಿಚಾರಣಾ ಆಯೋಗ ಅವನಿಗೆ ಬಲಿಯಾದವರು 215 ಮಂದಿ ಎಂದು ಗುರುತಿಸಿತು. ಅಷ್ಟೊಂದು ಔಷಧ ಅವನ ಕೈಗೆ ಬಂದದ್ದಾದರೂ ಹೇಗೆ? ಒಂದು ದಾರಿ, ಕ್ಯಾನ್ಸರ್‌ನಿಂದ ತೀರಿಕೊಂಡ ರೋಗಿಗಳ ಮನೆಯಲ್ಲಿ ಉಳಿದಿದ್ದದ್ದನ್ನು ನಾಶ ಮಾಡುತ್ತೇನೆಂದು ಒಯ್ದು ತಾನೇ ಇಟ್ಟುಕೊಳ್ಳುವುದು. ಬ್ರಿಟನ್ ಇದರಿಂದ ಪಾಠ ಕಲಿತು, 2006ರ ಕಾನೂನಿನಲ್ಲಿ ಆರೋಗ್ಯ ಸಂಸ್ಥೆಗಳು ಇಂಥ ಔಷಧಗಳಿಗೆಂದೇ ಉತ್ತರದಾಯಿ ಅಧಿಕಾರಿಯನ್ನು ನೇಮಿಸಬೇಕೆಂದಿತು. ಅಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ: ಇಷ್ಟಾದರೂ ಆ ದೇಶ ಕ್ಯಾನ್ಸರ್ ರೋಗಿಗಳಿಗೆ ಮನೆಯಲ್ಲೇ ಈ ಮದ್ದು ಕೊಡುವುದನ್ನು ಬಿಡಲಿಲ್ಲ.

ಚಟಕ್ಕೆ ಬಿದ್ದ ವೈದ್ಯ, ನರ್ಸ್ ಎಂದಾಕ್ಷಣ ಕಳ್ಳರು ಎನ್ನುವುದು ಸುಲಭ. ಆದರೆ ದಿನವಿಡೀ ಈ ಔಷಧಗಳ ನಡುವೆ ಕೆಲಸ ಮಾಡುವ ಅರಿವಳಿಕೆ ತಜ್ಞರಿಗೆ ಇದು ವೃತ್ತಿಯ ಅಪಾಯ ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು. ಬೇಗ ಬಾಯಿಬಿಟ್ಟವರಿಗೆ ಚಿಕಿತ್ಸೆಯ ದಾರಿ ತೆರೆದಿದ್ದರೆ ರೋಗಿಗಳೂ ಉಳಿಯುತ್ತಾರೆ, ಅವರೂ ಉಳಿಯುತ್ತಾರೆ.

ಕಳವಿಗಿಂತ ಹೆಚ್ಚಾಗಿ ಎದುರಾಗಬಹುದಾದದ್ದು ಕೈತಪ್ಪು. ಮಿಲಿಗ್ರಾಂ ಬರೆಯುವ ಕಡೆ ಮಿಲಿ ಲೀಟರ್, ದಶಮಾಂಶದ ಚುಕ್ಕಿ ಮರೆತ ಚೀಟಿ, ಅಕ್ಕಪಕ್ಕ ಇಟ್ಟ ಒಂದೇ ಬಗೆಯ ಆಂಪೂಲ್‌ಗಳು. ಬಾಯಿ ಕ್ಯಾನ್ಸರ್ ರೋಗಿಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕಾದ ಸಂಗತಿ ಒಂದಿದೆ. ನುಂಗಲಾಗದವರಿಗೆ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡುವುದು ಮನೆಗಳಲ್ಲಿ ಸಹಜ. ಮಾಮೂಲಿ ಮಾರ್ಫಿನ್ ಮಾತ್ರೆಗೆ ಅದು ಸರಿ. 12 ಗಂಟೆ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಅರ್ಧ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಹೋಗುತ್ತದೆ, ಉಸಿರೇ ನಿಂತೀತು. ಯಾವ ಮಾತ್ರೆ ಯಾವುದೆಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದುಕೊಡಲು ಒಂದು ನಿಮಿಷ ಸಾಕು.

ಪ್ರಮಾಣ ಹೆಚ್ಚಾದರೆ ಮೊದಲು ಬರುವುದು ತೂಕಡಿಕೆ, ಉಸಿರು ನಿಧಾನವಾಗುವುದು ಆಮೇಲೆ. ಆದ್ದರಿಂದ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುವುದರ ಜೊತೆಗೆ ಕರೆದರೆ ಓಗೊಡುತ್ತಾರೆಯೇ ಎಂದೂ ನೋಡಬೇಕು. ನಲಾಕ್ಸೋನ್ ಇದರ ಪ್ರತ್ಯೌಷಧ: ಗ್ರಾಹಕದಿಂದ ಮಾರ್ಫಿನ್ನನ್ನು ಎಬ್ಬಿಸಿ ತಾನು ಕೂರುತ್ತದೆ. ರಕ್ತನಾಳಕ್ಕೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ ರೋಗಿ ಕಣ್ಣು ಬಿಡುತ್ತಾರೆ. ಆದರೆ ಅದರ ಗುಣ ಮಾರ್ಫಿನ್‌ಗಿಂತ ಬೇಗ ಇಳಿಯುತ್ತದೆ. ಕಣ್ಣು ಬಿಟ್ಟರೆಂದು ಹಾಸಿಗೆ ಬಿಟ್ಟು ಹೋದರೆ ಮತ್ತೆ ಮಂಪರು ಕವಿಯಬಹುದು. ನಲಾಕ್ಸೋನ್ ಮಾತ್ರ ಎರಡು ಬೀಗದ ಒಳಗೆ ಇರಬಾರದು, ತುರ್ತು ಟ್ರಾಲಿಯಲ್ಲಿ ಕೈಗೆಟುಕುವಂತಿರಬೇಕು.

ಕಾವಲು ಬೇಕಾದದ್ದು ಮಾರ್ಫಿನ್ ಜಾತಿಯ ಔಷಧಗಳಿಗೆ ಮಾತ್ರವಲ್ಲ. ಕುಣಿಗಲ್ ಎಂದರೆ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರ್ಮ್. ಕುದುರೆಗಳಿಗೆ ಅರಿವಳಿಕೆ ಕೊಡಲು ಪ್ರಪಂಚದ ಎಲ್ಲೆಡೆ ಪಶುವೈದ್ಯರು ನೆಚ್ಚಿಕೊಂಡಿರುವ ಕೆಟಮಿನ್, ತಾಲ್ಲೂಕು ಆಸ್ಪತ್ರೆಯ ಮನುಷ್ಯರಿಗೂ ಬೇಕಾದದ್ದೇ: ಉಸಿರಾಟವನ್ನೂ ರಕ್ತದೊತ್ತಡವನ್ನೂ ಅಷ್ಟಾಗಿ ಕುಗ್ಗಿಸದ ಕಾರಣ, ಹೆದ್ದಾರಿ ಅಪಘಾತದಲ್ಲಿ ಕಾಲು ಮುರಿದವರಿಗೆ ಇದು ವರದಾನ. ದುರ್ಬಳಕೆ ಹೆಚ್ಚಿತೆಂದು 2013ರಲ್ಲಿ ಇದನ್ನು ಔಷಧ ನಿಯಮಗಳ ಎಕ್ಸ್ ಅನುಸೂಚಿಗೆ ಸೇರಿಸಿದರು: ಚೀಟಿ ಎರಡು ಪ್ರತಿ, ಅಂಗಡಿಯಲ್ಲಿ ಬೀಗದ ಕಪಾಟು, 2 ವರ್ಷ ದಾಖಲೆ. ಅಂದಮೇಲೆ ಪಶು ಆಸ್ಪತ್ರೆಯ ಬೀರುವಿಗೂ ಮನುಷ್ಯರ ಆಸ್ಪತ್ರೆಯಷ್ಟೇ ಕಾವಲು ಬೇಕು. 2018ರ ಏಪ್ರಿಲ್‌ನಲ್ಲಿ ನೋವಿನ ಮದ್ದು ಟ್ರಮಡಾಲ್ ಎನ್‌ಡಿಪಿಎಸ್ ಹಿಡಿತಕ್ಕೆ ಬಂತು. 2025ರ ಫೆಬ್ರವರಿಯಲ್ಲಿ ನೋವು ಇಳಿಸುವ ಟಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ಭಾರತದಿಂದ ಪಶ್ಚಿಮ ಆಫ್ರಿಕಕ್ಕೆ ಹೋಗುತ್ತಿರುವುದನ್ನು ಬಿಬಿಸಿ ಬಯಲು ಮಾಡಿದಾಗ ಕೇಂದ್ರ ಅವುಗಳ ತಯಾರಿಕೆಗೆ ತಡೆ ಹಾಕಿತು.

ಒಂದೊಂದು ಬಿಗಿತಕ್ಕೂ ಕಾರಣವಿದೆ. ಆದರೆ ಬಿಗಿತದ ಭಯ ರೋಗಿಯ ಮಾರ್ಫಿನ್‌ಗೂ ತಟ್ಟಬಾರದು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗ 2017ರಲ್ಲಿ ಹಾಕಿದ ಲೆಕ್ಕದಂತೆ ಭಾರತದಲ್ಲಿ ಅಗತ್ಯದ ಶೇಕಡ 4ರಷ್ಟು ಮಾತ್ರ ಸಿಗುತ್ತಿತ್ತು. ಮನೆಗೆ ಕೊಟ್ಟರೆ ಮಾರಿಕೊಳ್ಳುತ್ತಾರೆ ಎಂಬ ಅನುಮಾನಕ್ಕೆ ಉತ್ತರವೂ ಅದೇ ಪತ್ರಿಕೆಯಲ್ಲಿ 2001ರಲ್ಲೇ ಅಚ್ಚಾಗಿದೆ. ಕೋಯಿಕ್ಕೋಡ್‌ನ ಕೇಂದ್ರ 2 ವರ್ಷಗಳಲ್ಲಿ 1,723 ರೋಗಿಗಳಿಗೆ ಮಾರ್ಫಿನ್ ಕೊಟ್ಟು ಮನೆಗೆ ಕಳಿಸಿತ್ತು. ದುರ್ಬಳಕೆಯ ಒಂದು ಪ್ರಕರಣವೂ ಸಿಗಲಿಲ್ಲ. 2008ರಲ್ಲಿ ಉಪಶಾಮಕ ಆರೈಕೆಯ ನೀತಿಯನ್ನೇ ತಂದ ಕೇರಳದಲ್ಲಿ ಕಾಸರಗೋಡಿನ ಕನ್ನಡ ಮನೆಗಳಿಗೂ ಪಂಚಾಯಿತಿಯ ನರ್ಸ್ ಬಂದು ನೋಡಿ ಹೋಗುತ್ತಾರೆ. ಗಡಿಯ ಈಚೆ ಬೆಂಗಳೂರಿನಲ್ಲಿ ಕರುಣಾಶ್ರಯ 1990ರ ದಶಕದಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತಿದೆ.

ಮನೆಗೆ ಹೋದ ಮಾತ್ರೆಗೂ ಲೆಕ್ಕ ಬೇಕು, ಕಾವಲು ಬೇಕು. ಮಕ್ಕಳ ಕೈಗೆಟುಕದ ಟ್ರಂಕಿನಲ್ಲಿ ಡಬ್ಬಿ, ಅದರ ಜೊತೆಗೊಂದು ನೋಟ್‌ಪುಸ್ತಕ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, ನಡುರಾತ್ರಿ 2. ಮಲಬದ್ಧತೆ ಆಗೇ ಆಗುವುದರಿಂದ ಅದರ ಮದ್ದೂ ಜೊತೆಗಿರಬೇಕು. ಅದಿಲ್ಲದೆ ಎಷ್ಟೋ ಜನ ಮಾರ್ಫಿನ್ ಬಿಟ್ಟುಬಿಡುತ್ತಾರೆ. ರೋಗಿ ತೀರಿಕೊಂಡರೆ ಉಳಿದದ್ದು ಆಸ್ಪತ್ರೆಗೆ ವಾಪಸ್ಸು ಬರಬೇಕು, ಎಣಿಸಿ ಇಬ್ಬರ ಸಹಿಯೊಂದಿಗೆ. ದುಃಖದ ಮನೆಗೆ ಹೋಗಿ ಮಾತ್ರೆ ಕೇಳುವುದು ಯಾರಿಗೂ ಕಷ್ಟವೇ. ಔಷಧ ಕೊಡುವ ಮೊದಲ ದಿನವೇ ಮನೆಯವರಿಗೆ ಈ ಮಾತು ತಿಳಿಸಿದ್ದರೆ, ತಿಥಿ ಕಳೆದ ಮೇಲೆ ಊರಿನ ಆಶಾ ಕಾರ್ಯಕರ್ತೆ ನೆನಪಿಸುವುದು ಸಾಧ್ಯವಾಗುತ್ತದೆ.

ಮಾನ್ಯತೆ ಪಡೆದ ಆಸ್ಪತ್ರೆ ಮುಂದಿನ ವರ್ಷಕ್ಕೆ ಎಷ್ಟು ಬೇಕೆಂಬ ಅಂದಾಜನ್ನೂ ಔಷಧ ನಿಯಂತ್ರಕರಿಗೆ ಕೊಡಬೇಕಾಗುತ್ತದೆ. ಲೆಕ್ಕ ಕಷ್ಟದ್ದಲ್ಲ. 10 ಮಿಲಿಗ್ರಾಂ ಮಾತ್ರೆ 4 ಗಂಟೆಗೊಮ್ಮೆ ಎಂದರೆ ದಿನಕ್ಕೆ 6, ತಿಂಗಳಿಗೆ 180. ತಾಲ್ಲೂಕಿನಲ್ಲಿ ಸದಾ ಹತ್ತು ರೋಗಿಗಳಿರುತ್ತಾರೆಂದು ಹಿಡಿದರೆ ತಿಂಗಳಿಗೆ 1,800 ಮಾತ್ರೆ, ಒಟ್ಟು 18 ಗ್ರಾಂ ಮಾರ್ಫಿನ್. ವರ್ಷಕ್ಕೆ 21,600 ಮಾತ್ರೆ. ಬಾಯಿ ಕ್ಯಾನ್ಸರ್, ಗರ್ಭಕೊರಳಿನ ಕ್ಯಾನ್ಸರ್ ಎಂದು ಬೆಂಗಳೂರಿಗೆ ಕಳಿಸಿದವರ ಪಟ್ಟಿ ಆಸ್ಪತ್ರೆಯ ದಾಖಲೆಗಳಲ್ಲೇ ಸಿಗುತ್ತದೆ. ಅಂದಾಜಿನ ನಮೂನೆಯಲ್ಲಿ ಮಾರ್ಫಿನ್ ಎಂಬ ಸಾಲಿನ ಮುಂದೆ ಸೊನ್ನೆ ಬರೆಯುವ ಮುನ್ನ, ಫಾರ್ಮಸಿ ಅಧಿಕಾರಿಯೂ ಆಡಳಿತ ವೈದ್ಯಾಧಿಕಾರಿಯೂ ಆ ಪಟ್ಟಿಯನ್ನು ತೆಗೆದು ಹೆಸರುಗಳನ್ನು ಒಂದೊಂದಾಗಿ ನೋಡಬೇಕು.